ಸಾಗವಾಡಿ ತಮ್ಮ ದೇಶಕ್ಕೆ ನೀಡಿದ ಕೌದಿ ನೆರವಿನ ಕುರಿತು

ಮಹಾನಿರ್ದೇಶಕರು,
ಅಭಿವೃದ್ಧಿ ಹಂತ ನಿರ್ಧಾರ ಮತ್ತು ವಿದೇಶಿ ನೆರವು ವಿಭಾಗ,
ಏಳು ಸಮುದ್ರದಾಚೆಯ ಒಂದು ಶ್ರೀಮಂತ ದೇಶ.

ಮಾನ್ಯರೇ,

ಸಾಗವಾಡಿಯ ಮೂವತ್ತೆಂಟು ಮನೆಗಳ, ಆ ಮನೆಗಳ ಕೋಳಿ ಮತ್ತು ಆಡುಗಳ, ಹಾಗೂ ಮದುವೆಯಾಗಿ ಇಂದಿಗೆ ಸರಿಯಾಗಿ ಎಂಬತ್ಮೂರು ದಿನ ಕಳೆದ ನನ್ನ ಮತ್ತು ನನ್ನ ಆಸಿಫನ ಪರವಾಗಿ ತಮಗೂ ತಮ್ಮ ಕುಟುಂಬಕ್ಕೂ ತಮ್ಮ ಕಚೇರಿಯ ಪ್ರತಿಯೊಂದು ಕುರ್ಚಿಗೂ ಹೃತ್ಪೂರ್ವಕ ವಂದನೆಗಳು. ತಾವು ಆರೋಗ್ಯವಾಗಿದ್ದೀರಿ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಿ, ಬೆಚ್ಚಗೆ ಕೂರುತ್ತಿದ್ದೀರಿ ಎಂದು ನಂಬಿದ್ದೇನೆ. ಬೆಚ್ಚಗೆ ಎಂಬ ಮಾತನ್ನು ಬರೀ ಉಪಚಾರಕ್ಕೆ ಬರೆದಿಲ್ಲ. ಈ ಪತ್ರದ ವಿಷಯವೇ ಅದು. ನನ್ನ ಮದುವೆಯ ಕೌದಿ ತಮ್ಮ ಬಳಿ ಇದೆ.

ತಮ್ಮ ದೇಶದ ಹೆಸರನ್ನು ಎಲ್ಲೂ ಬರೆದಿಲ್ಲವೆಂದು ದಯವಿಟ್ಟು ಬೇಸರಿಸಬಾರದು. ಹೆಸರು ಬರೆಯುವುದಾದರೆ ಪಕ್ಕದಲ್ಲಿ ಬಾವುಟ ಇರಬೇಕು, ಬಾವುಟದ ನೀಲಿ ಇಂಥದ್ದೇ ನೀಲಿಯಾಗಿರಬೇಕು, ತಮ್ಮ ಹೆಸರಿನ ಅಕ್ಷರಗಳು ನೆರವು ಪಡೆದ ಊರಿನ ಹೆಸರಿನ ಎರಡರಷ್ಟು ದೊಡ್ಡದಿರಬೇಕು ಎಂದು ಮೂವತ್ತೊಂದು ಪುಟದ ಸುತ್ತೋಲೆ ಇದೆಯೆಂದು ತಮ್ಮ ಸ್ಥಳೀಯ ಸಂಯೋಜಕರಾದ ಕಿರಣಕುಮಾರ ಅವರು ತಿಳಿಸಿದ್ದಾರೆ. ಈ ಪತ್ರವನ್ನು ಅಚ್ಚು ಹಾಕಲು ಒಪ್ಪಿರುವ ನಮ್ಮ ಜಿಲ್ಲೆಯ ವಾರಪತ್ರಿಕೆಯಲ್ಲಾದರೋ ಕಪ್ಪು ಬಿಟ್ಟರೆ ಬೇರೆ ಬಣ್ಣವಿಲ್ಲ.

ನಾನು ಹೀನಾ. ಹುಟ್ಟಿದ್ದು, ಬೆಳೆದದ್ದು, ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಕನ್ನಡದ ಕಾಗುಣಿತಕ್ಕಾಗಿ ಬೈಸಿಕೊಂಡದ್ದು, ಕಾಲೇಜಿನಲ್ಲಿ ಅರ್ಥಶಾಸ್ತ್ರಕ್ಕೆ ನೂರಕ್ಕೆ ಅರವತ್ತೆಂಟು ಅಂಕ ತೆಗೆದುಕೊಂಡದ್ದು ಎಲ್ಲವೂ ದಾಂಡೇಲಿಯಲ್ಲಿ. ಈಗ ಹಳಿಯಾಳ ತಾಲೂಕಿನ ಕಾಡಂಚಿನ ಸಾಗವಾಡಿಗೆ ಸೊಸೆಯಾಗಿ ಬಂದಿದ್ದೇನೆ. ನನ್ನ ಗಂಡ ಆಸಿಫ ಹಳಿಯಾಳದ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ನಗುವಾಗ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ಈ ವಿವರ ತಮ್ಮ ಇಲಾಖೆಗೆ ಬೇಕಿಲ್ಲವೆಂದು ಗೊತ್ತಿದ್ದೂ ಬರೆಯದೆ ಇರಲಾಗಲಿಲ್ಲ. ನನ್ನ ಅತ್ತೆ ಹಜರಾಬಿ ಹಳೆ ಬಟ್ಟೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವವರು. ನಾವು ಸಿದ್ದಿಗಳು, ನಮ್ಮ ಹಿರೀಕರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. ತಮ್ಮ ತಜ್ಞೆ ಬಂದಾಗ ಅತ್ತೆಯವರನ್ನು "ನೀವು ಆಫ್ರಿಕಾದಿಂದ ಬಂದದ್ದು ಯಾವಾಗ?" ಎಂದು ವಿನಯದಿಂದ ಕೇಳಿದರು. ಅತ್ತೆಯವರು ಅಷ್ಟೇ ವಿನಯದಿಂದ "ನಾ ಈಗಷ್ಟ ಹಳಿಯಾಳ ಸಂತಿಯಿಂದ ಬಂದೇನವ್ವಾ, ಇನ್ನೂ ತಲಿಮ್ಯಾಗಿನ ಚೀಲಾ ಸೈತ ಇಳಿಸಿಲ್ಲ" ಎಂದರು. ತಮ್ಮ ಫಾರ್ಮಿನಲ್ಲಿ ಅದು "ಇತ್ತೀಚಿನ ವಲಸೆ" ಎಂದು ದಾಖಲಾಗಿದೆಯಂತೆ. ಇಂಥ ಸೂಕ್ಷ್ಮ ದಾಖಲಾತಿಗಾಗಿ ಮೊದಲ ಅಭಿನಂದನೆ ಸ್ವೀಕರಿಸಬೇಕು.

ಅರ್ಥವ್ಯವಸ್ಥೆಯೊಂದು ಐದು ಹಂತಗಳನ್ನು ಹತ್ತಿ ಬೆಳೆಯುತ್ತದೆ ಎಂದು ನಮ್ಮ ಪಠ್ಯಪುಸ್ತಕದಲ್ಲಿತ್ತು: ಸಾಂಪ್ರದಾಯಿಕ ಸಮಾಜ, ಜಿಗಿತಪೂರ್ವ ಹಂತ, ಜಿಗಿತದ ಹಂತ, ಪ್ರೌಢಿಮೆಯತ್ತ ಸಾಗುವ ಹಂತ, ಕೊನೆಗೆ ಎಲ್ಲರೂ ಎಲ್ಲವನ್ನೂ ಕೊಂಡು ತಿಂದು ಉಟ್ಟು ಬಿಸಾಡುವ ಅಧಿಕ ಅನುಭೋಗದ ಹಂತ. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆನೇ ಹೊರತು ಅರ್ಥವಾಗಿರಲಿಲ್ಲ. ಮದುವೆಯಾದ ಮೇಲೆ ಒಂದೇ ಏಟಿಗೆ ಅರ್ಥವಾಯಿತು. ನಮ್ಮಪ್ಪ "ಹಳ್ಳಿಗೆ ಕೊಡೂದಿಲ್ಲ, ಮುಗೀತು" ಎಂದು ಕುರ್ಚಿಯ ಕೈ ಕುಟ್ಟಿದ್ದು ಸಾಂಪ್ರದಾಯಿಕ ಸಮಾಜ. ಆಸಿಫ ನಮ್ಮ ಓಣಿಯಲ್ಲಿ ಕೆಡದೇ ಇದ್ದ ಬೈಕುಗಳನ್ನು ರಿಪೇರಿ ಮಾಡುತ್ತ ಒಂದು ತಿಂಗಳು ಓಡಾಡಿದ್ದು ಜಿಗಿತಪೂರ್ವ ಹಂತ. ಅಪ್ಪನ ಕೆಟ್ಟು ನಿಂತ ಸ್ಕೂಟರ್ ಅವನ ಕೈಯಲ್ಲಿ ಒಂದೇ ಒದೆತಕ್ಕೆ ಸ್ಟಾರ್ಟ್ ಆದದ್ದು ಜಿಗಿತ. ನಾನು ಅತ್ತೆಮನೆಯಲ್ಲಿ ಅಕ್ಕಿರೊಟ್ಟಿ ಹರಿಯದಂತೆ ಬಡಿಯಲು ಕಲಿಯುತ್ತಿರುವುದು ಪ್ರೌಢಿಮೆಯತ್ತ ಸಾಗುವ ಹಂತ. ಆ ಹಂತ ತುಸು ಉದ್ದವಾಗುತ್ತಿದೆ. ಅಧಿಕ ಅನುಭೋಗದ ಹಂತವೆಂದರೆ ಏನೆಂದು ತಿಳಿಯಬೇಕಿದ್ದರೆ ತಾವು ನಮ್ಮ ಮದುವೆಯ ಊಟದಲ್ಲಿ ನನ್ನ ಸೋದರಮಾವನ ಪಕ್ಕದಲ್ಲಿ ಕೂರಬೇಕಿತ್ತು.

ಹಾಗೆಯೇ ವಿದೇಶಿ ನೆರವಿನ ಬಗೆಗಳೂ ನನಗೆ ಮದುವೆಯ ಉಡುಗೊರೆಗಳ ಮೂಲಕವೇ ಸ್ಪಷ್ಟವಾದವು, ಏಕೆಂದರೆ ಸಾಗವಾಡಿಯ ದೃಷ್ಟಿಯಲ್ಲಿ ದಾಂಡೇಲಿಯ ನನ್ನ ತವರು ಪೂರ್ತಿ ವಿದೇಶವೇ. ಅಮ್ಮ ಏನನ್ನೂ ಕೇಳದೆ ಡಬ್ಬಿ ತುಂಬ ಕಟ್ಟಿಕೊಟ್ಟದ್ದು ಅನುದಾನ. ಚಿಕ್ಕಪ್ಪ "ನಿಧಾನಕ್ಕ ಕೊಡ್ರಿ, ಅವಸರಿಲ್ಲ" ಎಂದು ಕೊಟ್ಟು ವಾರಕ್ಕೊಮ್ಮೆ ಫೋನು ಮಾಡಿ ಆರೋಗ್ಯ ವಿಚಾರಿಸುವುದು ಮೃದು ಸಾಲ. ಓಣಿಯ ಹದಿನಾರು ಮನೆಯವರು ಸೇರಿ ಒಂದು ಕಪಾಟು ಕೊಟ್ಟದ್ದು ಬಹುಪಕ್ಷೀಯ ನೆರವು. ಹದಿನಾರು ಮಂದಿಯೂ ಸೇರಿ ಆರಿಸಿದ್ದರಿಂದ ಅದರ ಬಣ್ಣವನ್ನು ಒಬ್ಬರೂ ಒಪ್ಪುವುದಿಲ್ಲ. ಅತ್ತಿಗೆ ಕೊಟ್ಟ ಜರಿಯ ಸೀರೆ ಷರತ್ತಿನ ನೆರವು, ಅವಳ ಮಗನ ಹುಟ್ಟುಹಬ್ಬಕ್ಕೆ ಅದನ್ನೇ ಉಟ್ಟು ಹೋಗಬೇಕು. ನಾಲ್ಕು ಪ್ರೆಷರ್ ಕುಕ್ಕರುಗಳು ಬಂದದ್ದು, ಫಲಾನುಭವಿಯನ್ನು ಕೇಳದೆ ಕೊಡುವ ಯೋಜನಾ ನೆರವು. ಮುಂಡಗೋಡದ ದೊಡ್ಡಮ್ಮ ಆ ನಾಲ್ಕರಲ್ಲಿ ಒಂದನ್ನು ಹೇಗೆ ಮುಚ್ಚಬೇಕೆಂದು ಕಲಿಸಲು ಬಂದು ಒಂಬತ್ತು ದಿನ ಉಳಿದದ್ದು ತಾಂತ್ರಿಕ ನೆರವು. ಎಷ್ಟು ಸುಂದರವಾದ ಶಾಸ್ತ್ರ ಇದು, ಮಾನ್ಯರೇ! ತಾವು ದಿನವಿಡೀ ಇದರಲ್ಲೇ ಮುಳುಗಿರುತ್ತೀರಲ್ಲ ಎಂದು ನೆನೆದಾಗ ಹೊಟ್ಟೆಕಿಚ್ಚಾಗುತ್ತದೆ.

ಇನ್ನು ನಡೆದದ್ದನ್ನು ನಿವೇದಿಸುತ್ತೇನೆ. ಮದುವೆಯಾದ ಹನ್ನೆರಡನೇ ದಿನ ತಮ್ಮ ಬಿಳಿ ಜೀಪು ಸಾಗವಾಡಿಗೆ ಬಂತು. ಅದರಿಂದ ತಮ್ಮ ತಜ್ಞೆಯೂ ಕಿರಣಕುಮಾರರೂ ಇಳಿದರು. ತಜ್ಞೆಯವರು ಬಹಳ ಒಳ್ಳೆಯವರು. ಚಪ್ಪಲಿ ಹೊರಗೆ ಬಿಟ್ಟರು, ಬೆಲ್ಲದ ಚಹಾವನ್ನು ಎರಡು ಸಲ ಕುಡಿದರು. ನಮ್ಮ ಊರು ಯಾವ ಹಂತದಲ್ಲಿದೆ ಎಂದು ಗೊತ್ತು ಮಾಡಲು ಅವರ ಬಳಿ ನೂರ ನಲವತ್ತು ಪ್ರಶ್ನೆಗಳಿದ್ದವು. ಮನೆಗೆ ಹೆಂಚಿದೆಯೇ, ಮೊಬೈಲ್ ಇದೆಯೇ, ಇದ್ದರೆ ದಿನಕ್ಕೆ ಎಷ್ಟು ಹೊತ್ತು ಬಳಸುತ್ತೀರಿ ಎಂದರು. ಮೊಬೈಲ್ ಇದೆ, ಆದರೆ ಮಾತಾಡಬೇಕಿದ್ದರೆ ಊರ ಹಿಂದಿನ ಕರಿಬಂಡೆಯ ಮೇಲೆ ಹತ್ತಿ ಮೂಡಣಕ್ಕೆ ಮುಖ ಮಾಡಿ ನಿಲ್ಲಬೇಕು ಎಂದೆವು. ಬಂಡೆ ಹತ್ತುವುದಕ್ಕೆ ಸಾಂಪ್ರದಾಯಿಕ ಸಮಾಜದ ಕಾಲಮ್ಮಿನಲ್ಲಿ ಒಂದು ಅಂಕ, ಮಾತಾಡುವುದಕ್ಕೆ ಆಧುನಿಕದ ಕಾಲಮ್ಮಿನಲ್ಲಿ ಒಂದು ಅಂಕ ಬಿತ್ತು. ನನ್ನ ನಾಲ್ಕು ಕುಕ್ಕರುಗಳನ್ನು ಕಂಡಾಗ ತಜ್ಞೆಯವರ ಹುಬ್ಬು ಮೇಲೇರಿತು. ಕೊನೆಗೆ ಸಾಗವಾಡಿ ಜಿಗಿತಪೂರ್ವ ಹಂತದಲ್ಲಿದೆ ಎಂದು ಘೋಷಣೆಯಾಯಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಪಕ್ಕದ ಮನೆಯ ಗುರುಸಿದ್ದವ್ವ ಮಾತ್ರ "ಜಿಗದ ಮ್ಯಾಲ ಎಲ್ಲಿ ಬೀಳ್ತೇವಿ ಅನ್ನೂದ್ನೂ ಕೇಳ ಹೀನಾ" ಎಂದು ನನ್ನ ಸೊಂಟ ತಿವಿದರು. ಕೇಳಲು ನನಗೆ ಧೈರ್ಯವಾಗಲಿಲ್ಲ.

ಆಗ ತಜ್ಞೆಯವರು ತಾವು ಕೂತಿದ್ದ ಕೌದಿಯನ್ನು ನೋಡಿದರು. ಚಳಿಗಾಲದಲ್ಲಿ ಮೊದಲ ಸಲ ಮನೆಗೆ ಬಂದವರಿಗೆ ಮನೆಯಲ್ಲಿರುವುದರಲ್ಲೇ ಹೊಸ ಕೌದಿ ಹಾಸಬೇಕು. ನಮ್ಮ ಮನೆಯಲ್ಲಿ ಹೊಸದು ನನ್ನದೇ. ಅತ್ತೆಯವರು ನನ್ನ ನಿಶ್ಚಿತಾರ್ಥದ ಮರುದಿನ ಶುರು ಮಾಡಿ, ಮದುವೆಯ ಮುನ್ನಾದಿನ ನಾಲ್ಕು ಮೂಲೆಗೂ ಬಟ್ಟೆಯ ಹೂ ಕೂರಿಸಿ ಮುಗಿಸಿದ್ದು. ನನ್ನ ಅಮ್ಮನ ಹಸಿರು ದುಪಟ್ಟಾ, ಆಸಿಫನ ಏಳನೇ ಕ್ಲಾಸಿನ ಯೂನಿಫಾರ್ಮು, ನಾನು ಕಾಲೇಜಿಗೆ ಹಾಕುತ್ತಿದ್ದ ನೇರಳೆ ಕುರ್ತಾ, ಎಲ್ಲವೂ ಅದರಲ್ಲಿವೆ. ನಟ್ಟನಡುವೆ ಒಂದು ಪುಟ್ಟ ಚೌಕದೊಳಗೆ ಹನ್ನೊಂದು ಅಕ್ಕಿಕಾಳು ಇಟ್ಟು ಹೊಲಿದಿದ್ದಾರೆ. ಅದು ಕೌದಿಯ ಹೊಟ್ಟೆ. ಹೊಟ್ಟೆ ತುಂಬಿದ ಕೌದಿಯನ್ನು ಹೊದ್ದವರ ಹೊಟ್ಟೆ ಖಾಲಿ ಇರುವುದಿಲ್ಲ ಎಂಬುದು ನಮ್ಮ ಮನೆಯ ನಂಬಿಕೆ. ತಜ್ಞೆಯವರು ಅಂಗೈಯಿಂದ ಹೊಲಿಗೆಯನ್ನು ಸವರಿ ಎಷ್ಟು ಸೊಗಸು ಎಂದರು. ಮೂಲೆಯ ಹೂ ಮುಟ್ಟಿ ಎಷ್ಟು ಸೊಗಸು ಎಂದರು. ನಾನು ಕಣ್ಣಿನಲ್ಲೇ ಸಾಕು ಸಾಕು ಎಂದು ಬೇಡಿಕೊಂಡೆ. ಅವರು ಮೂರನೆಯ ಸಲವೂ ಅಂದರು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ತಮ್ಮ ಗಮನಕ್ಕೆ ತರಬೇಕು. ಬಂದವರು ಮನೆಯ ಯಾವುದೇ ವಸ್ತುವನ್ನು ಮೂರು ಸಲ ಹೊಗಳಿದರೆ ಮನೆಯ ಹಿರಿಯಳು ಅದನ್ನು ಮಡಚಿ, ಒರೆಸಿ, ಅವರ ಎರಡೂ ಕೈಗಳಲ್ಲಿ ಇಡಬೇಕು. ಬಂದವರು ಅದನ್ನು ಎದೆಗೊತ್ತಿಕೊಂಡು "ಮುಟ್ಟಿತ್ರೀ, ಇಲ್ಲೇ ಇರ್ಲಿ" ಎಂದು ತಿರುಗಿ ಕೊಡಬೇಕು. ಕೊಟ್ಟವರಿಗೆ ಕೊಟ್ಟ ತೃಪ್ತಿ, ಪಡೆದವರಿಗೆ ಪಡೆದ ತೃಪ್ತಿ, ವಸ್ತು ಮಾತ್ರ ಇದ್ದಲ್ಲೇ. ಗುರುಸಿದ್ದವ್ವನಿಗೆ ನಮ್ಮ ಅತ್ತೆ ಇಪ್ಪತ್ತು ವರ್ಷಗಳಲ್ಲಿ ಒಂದೇ ತಾಮ್ರದ ಕೊಡವನ್ನು ಹದಿನೇಳು ಸಲ ಕೊಟ್ಟಿದ್ದಾರೆ; ಹದಿನೇಳು ಸಲವೂ ಅದು ಹೊಸ್ತಿಲು ದಾಟಿಲ್ಲ. ಪುಟ್ಟ ಮಕ್ಕಳಿಗೂ ಗೊತ್ತಿರುವ ಇದನ್ನು ಕಿರಣಕುಮಾರರು ಖಂಡಿತ ತಜ್ಞೆಯವರ ಕಿವಿಯಲ್ಲಿ ಹೇಳುತ್ತಿದ್ದರು, ಆದರೆ ಆ ಹೊತ್ತಿಗೆ ಅವರು ನಮ್ಮ ಹಂತವನ್ನು ತಮ್ಮ ಕಚೇರಿಗೆ ತಿಳಿಸಲು ಕರಿಬಂಡೆಯ ಮೇಲೆ ಮೂಡಣಕ್ಕೆ ಮುಖ ಮಾಡಿ ನಿಂತಿದ್ದರು.

ಅತ್ತೆಯವರು ಕೌದಿ ಮಡಚಿದರು, ಕೈಯಲ್ಲಿಟ್ಟರು. ತಜ್ಞೆಯವರು ಅದನ್ನು ಎದೆಗೂ ಒತ್ತಿಕೊಂಡರು, ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಅವರ ಕಣ್ಣಲ್ಲಿ ನೀರೂ ಬಂತು. ಆಮೇಲೆ ಧನ್ಯವಾದ ಹೇಳಿ ಕೌದಿಯೊಂದಿಗೆ ಜೀಪು ಹತ್ತಿಬಿಟ್ಟರು. ನಾವು ಹೊಸ್ತಿಲಲ್ಲಿ ಸಾಲಾಗಿ, ಕೈಗಳನ್ನು ಇನ್ನೂ ಮುಂದಕ್ಕೆ ಚಾಚಿಕೊಂಡೇ ನಿಂತಿದ್ದೆವು. ಧೂಳು ಆರಿದ ಮೇಲೆ ಅತ್ತೆ, "ಆಸಿಫಾ, ಅಕಿ ತಿರುಗಿ ಕೊಡ್ಲೇ ಇಲ್ಲಲ್ಲೋ" ಎಂದರು. ಆಸಿಫ ಬೈಕು ತೆಗೆದು ಬೆನ್ನು ಹತ್ತಿದ. ತಾಲೂಕಿನ ಬೈಕುಗಳನ್ನೆಲ್ಲ ರಿಪೇರಿ ಮಾಡುವವನ ಸ್ವಂತ ಬೈಕಿನ ಚೈನು ಕೆರೆಯ ತಿರುವಿನಲ್ಲಿ ಕಳಚಿ ಬಿತ್ತು. ಬೈಕನ್ನು ತಳ್ಳಿಕೊಂಡು ಬಂದ ಅವನ ಮುಖದಲ್ಲಿ ಆ ಸಂಜೆ ಗುಳಿ ಇರಲಿಲ್ಲ.

ಆ ಬಳಿಕ ನಾನು ತಮ್ಮ ಕಚೇರಿಗೆ ಬರೆದ ಮೂರು ಪತ್ರಗಳಿಗೂ ಮೂರು ಉತ್ತರಗಳು ಬಂದವು. ಸರಕಾರಿ ಕಚೇರಿಯೊಂದರಿಂದ ಇಷ್ಟು ಬೇಗ ಉತ್ತರ ಬರಬಹುದೆಂದು ಸಾಗವಾಡಿಯಲ್ಲಿ ಯಾರೂ ನಂಬಲಿಲ್ಲ, ಹಳಿಯಾಳದ ಕಚೇರಿಗಳಿಗೆ ತಿಂಗಳುಗಟ್ಟಲೆ ಅಲೆದ ನಮ್ಮೂರಿನ ಮಿಂಗೇಲ್ ಮಾಮನಂತೂ ಅಂಚೆಚೀಟಿಯನ್ನು ಉಗುರಿನಿಂದ ಕೆರೆದು ಪರೀಕ್ಷಿಸಿದರು. ಮೊದಲ ಉತ್ತರದಲ್ಲಿ ಸಾಗವಾಡಿ ಜನತೆಯ ಸ್ನೇಹಪೂರ್ವಕ ಕೊಡುಗೆಗಾಗಿ ಧನ್ಯವಾದ ಹೇಳಿ, ಕೌದಿಯು ಈಗ ತಮ್ಮ ಖಾಸಗಿ ಕೊಠಡಿಯ ಸೋಫಾದ ಬೆನ್ನನ್ನು ಅಲಂಕರಿಸಿದೆ ಎಂದು ಫೋಟೋ ಕಳಿಸಿದ್ದೀರಿ. ಎರಡನೆಯದರಲ್ಲಿ, ಕೌದಿ ತಮ್ಮ ದೇಶದ ಗಡಿ ದಾಟುವಾಗ ಜೈವಿಕ ಸುರಕ್ಷತಾ ಅಧಿಕಾರಿಗಳು ಅದರೊಳಗೆ ಬೇಯಿಸದ ಧಾನ್ಯದ ಹನ್ನೊಂದು ಘಟಕಗಳನ್ನು ಪತ್ತೆ ಹಚ್ಚಿ, ಹೊರತೆಗೆದು, ನಿಯಮಾನುಸಾರ ಸುಟ್ಟು ಹಾಕಿರುವರೆಂದೂ ನಾವು ಆತಂಕಪಡಬೇಕಿಲ್ಲವೆಂದೂ ಬರೆದಿದ್ದೀರಿ. ಮೂರನೆಯದರಲ್ಲಿ ವಾಪಸಾತಿಯ ಬಗ್ಗೆ ಇದ್ದ ವಿವರಣೆಯನ್ನು ಓದಿ ನಾನು ಮೂರು ಸಲ ಸೊಗಸು ಎಂದೆ. ಅದು ಹೀಗಿದೆ: ಹಾಸಿಗೆ ಹೊದಿಕೆಗಳನ್ನು ತಮ್ಮ ಇಲಾಖೆಯು ವಿದೇಶಕ್ಕೆ ಕಳಿಸಬೇಕಾದರೆ ಅದನ್ನು ಜವಳಿ ನೆರವು ಎಂದೇ ಕಳಿಸಬೇಕು, ಜವಳಿ ನೆರವು ಮೊದಲನೇ ಹಂತದ ಊರುಗಳಿಗೆ ಮಾತ್ರ, ಸಾಗವಾಡಿ ಈಗಾಗಲೇ ಎರಡನೇ ಹಂತಕ್ಕೆ ಏರಿರುವುದರಿಂದ ನಮ್ಮದೇ ಕೌದಿಯನ್ನು ಪಡೆಯಲು ನಾವು ಅರ್ಹರಲ್ಲ.

ಎಂಥ ಅಚ್ಚುಕಟ್ಟು! ನಾನು ಮೊದಲು ಅಂದುಕೊಂಡದ್ದು, ಒಂದು ವಾರದ ಮಟ್ಟಿಗೆ ನಾವು ಮೊದಲನೇ ಹಂತಕ್ಕೆ ಇಳಿದುಬಿಡೋಣ ಎಂದು. ನಾಲ್ಕು ಕುಕ್ಕರುಗಳನ್ನು ಗುರುಸಿದ್ದವ್ವನ ಅಟ್ಟಕ್ಕೆ ಹಾಕುವುದು, ಹೆಂಚಿನ ಮೇಲೆ ಹುಲ್ಲು ಹೊದಿಸುವುದು, ಆಸಿಫ ಗ್ಯಾರೇಜಿಗೆ ನಡೆದು ಹೋಗುವುದು, ತಜ್ಞೆಯವರು ಮತ್ತೆ ಬಂದಾಗ ನಾನು ಅರ್ಥಶಾಸ್ತ್ರವನ್ನು ಮರೆತಂತೆ ನಟಿಸುವುದು. ಊರಿನವರು ಉತ್ಸಾಹದಿಂದ ಒಪ್ಪಿದರು. ಒಪ್ಪದವರು ನನ್ನ ಅತ್ತೆಯೊಬ್ಬರೇ. ಹುಲ್ಲಿನ ಹೊರೆಯನ್ನು ಕಂಡು, "ನಾವ್ಯಾಕ ಹಿಂದಕ ಹೋಗೂಣು? ಕೌದಿ ನಮ್ದು. ಅವರ್ನ ಮುಂದ ಬರಾಕ ಹೇಳು" ಎಂದವರೇ ಹೊರೆಯನ್ನು ಆಡಿಗೆ ಹಾಕಿದರು.

ಹಾದಿ ತೋರಿಸಿದವನು ಕೊನೆಗೆ ನನ್ನ ಆಸಿಫ. ಊಟ ಮಾಡುತ್ತ ರೊಟ್ಟಿಯ ತುಣುಕನ್ನು ಕೈಯಲ್ಲೇ ಹಿಡಿದು, "ಅಲ್ಲ ಹೀನಾ, ಅಮ್ಮ ಕೊಟ್ಟಿದ್ದು ಹೊರದೇಶಕ್ಕ. ಹಂಗಾರ ಅದು ವಿದೇಶಿ ನೆರವು ಆಗೂದಿಲ್ಲೇನ?" ಎಂದ. ನನಗೆ ರೋಮಾಂಚನವಾಯಿತು, ಮಾನ್ಯರೇ! ಅರವತ್ತೆಂಟು ಅಂಕ ತೆಗೆದ ನನಗೆ ಹೊಳೆಯದ್ದು ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಹೊಳೆಯಿತು. ಸಾಗವಾಡಿಯಿಂದ ತಮ್ಮ ದೇಶಕ್ಕೆ ನೇರವಾಗಿ ಸಂದದ್ದು, ಆದ್ದರಿಂದ ದ್ವಿಪಕ್ಷೀಯ. ತಿರುಗಿ ಬರುತ್ತದೆಂದು ನಂಬಿ ಕೊಟ್ಟದ್ದು, ಆದರೂ ತಾವೇ ಕೊಡುಗೆ ಎಂದು ನೋಂದಾಯಿಸಿದ್ದೀರಿ, ಆದ್ದರಿಂದ ಅನುದಾನ. ವಸ್ತುರೂಪದ್ದು. ಜೊತೆಗೆ ಹನ್ನೊಂದು ಅಕ್ಕಿಕಾಳಿನ ಆಹಾರ ನೆರವೂ ಸೇರಿತ್ತು. ಅದನ್ನು ಫಲಾನುಭವಿ ದೇಶವು ಸುಟ್ಟು ಹಾಕಿದ್ದು ಕೊಡುಗೈ ದೇಶಗಳಿಗೆಲ್ಲ ಪರಿಚಿತವಾದ ದುಃಖ ಎಂದು ಪಠ್ಯಪುಸ್ತಕದಲ್ಲಿದೆ.

ಆದ್ದರಿಂದ, ಕೊಡುಗೈ ಊರಿನ ನೆಲೆಯಲ್ಲಿ, ತಮ್ಮದೇ ಸುತ್ತೋಲೆಗಳನ್ನು ಗೌರವದಿಂದ ಅನುಸರಿಸಿ ಕೆಲವು ಸಣ್ಣ ಕೋರಿಕೆಗಳನ್ನು ಸಲ್ಲಿಸುತ್ತೇನೆ. ತಮ್ಮ ಕಟ್ಟಡದ ಮುಂದೆ ಆರು ಅಡಿ ಉದ್ದ ನಾಲ್ಕು ಅಡಿ ಅಗಲದ ಫಲಕ ನಿಲ್ಲಿಸಿ, ಸಾಗವಾಡಿ ಜನತೆಯ ಸ್ನೇಹದ ನೆರವಿನಿಂದ ಎಂದು ಕನ್ನಡದಲ್ಲಿ, ತಮ್ಮ ದೇಶದ ಹೆಸರಿನ ಎರಡರಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಸಬೇಕು. ನಮಗೆ ಬಾವುಟವಿಲ್ಲದ್ದರಿಂದ ಅದರ ಜಾಗದಲ್ಲಿ ಗುರುಸಿದ್ದವ್ವನ ಹುಂಜದ ಚಿತ್ರ ಹಾಕಬಹುದು, ಅದು ಒಪ್ಪಿದೆ. ಇದು ಷರತ್ತಿನ ನೆರವಾದ್ದರಿಂದ ಕೌದಿ ಎಲ್ಲಾದರೂ ಹರಿದರೆ ತಮ್ಮ ದೇಶದ ದಾರ ಬಳಸುವಂತಿಲ್ಲ. ಹಜರಾಬಿ ಅವರ ದಾರ, ಹಜರಾಬಿ ಅವರ ಸೂಜಿ, ಮತ್ತು ನಮ್ಮ ಮನೆಯವರು ಕನಿಷ್ಠ ಮೂರು ವರ್ಷ ಉಟ್ಟು ಮೆತ್ತಗೆ ಮಾಡಿದ ಬಟ್ಟೆ ಮಾತ್ರ. ಸೋಫಾದ ಬೆನ್ನಿಗೆ ಹೊದಿಸಿರುವುದು ನೆರವಿನ ದುರ್ಬಳಕೆ. ಕೌದಿಯನ್ನು ಮನುಷ್ಯರಿಗೆ ಹೊದಿಸಬೇಕು ಎಂಬುದನ್ನು ತಮ್ಮ ಸಿಬ್ಬಂದಿಗೆ ಕಲಿಸಲು ಹಜರಾಬಿ ಮತ್ತು ಗುರುಸಿದ್ದವ್ವ ಇಬ್ಬರನ್ನೂ ತಾಂತ್ರಿಕ ತಜ್ಞರೆಂದು ಒಂಬತ್ತು ದಿನಗಳ ಮಟ್ಟಿಗೆ ಕಳಿಸಲು ಸಿದ್ಧರಿದ್ದೇವೆ. ಅವರ ವಾಸ್ತವ್ಯ ತಮ್ಮ ಮನೆಯಲ್ಲೇ ಆಗಬೇಕು. ಗುರುಸಿದ್ದವ್ವ ಗೊರಕೆ ಹೊಡೆಯುತ್ತಾರೆ, ಇದನ್ನು ಮುಂಚಿತವಾಗಿ ತಿಳಿಸುವುದು ನನ್ನ ಕರ್ತವ್ಯ.

ನೆರವು ಕೊಟ್ಟ ಮೇಲೆ ಪಡೆದವರ ಹಂತವನ್ನೂ ಗೊತ್ತುಮಾಡಬೇಕಲ್ಲವೇ? ಅತ್ತೆಯವರು ಸ್ವಂತದ್ದೊಂದು ಪ್ರಶ್ನಾವಳಿ ಸಿದ್ಧಪಡಿಸಿದರು, ನೂರ ನಲವತ್ತಲ್ಲ, ನಾಲ್ಕೇ. ತರಬೇತಿಗೆಂದು ತಮ್ಮ ರಾಜಧಾನಿಯಲ್ಲಿ ಮೂರು ತಿಂಗಳು ಇದ್ದು ಬಂದ ಕಿರಣಕುಮಾರರು ತಮ್ಮ ಪರವಾಗಿ ಉತ್ತರಿಸಿದರು. ಅಲ್ಲಿಯವರು ಹೊದೆಯುವುದನ್ನು ಯಾರು ಹೊಲಿದದ್ದು? ಅಂಗಡಿಯದು. ಹರಿದರೆ ಏನು ಮಾಡುತ್ತಾರೆ? ಹೊಸದು ತರುತ್ತಾರೆ. ಹರಿದದ್ದನ್ನು? ದೂರದ ಬಡದೇಶಗಳಿಗೆ ಜವಳಿ ನೆರವೆಂದು ಕಳಿಸುತ್ತಾರೆ. ಒಂದು ಮನೆಯ ಒಲೆ ತಡವಾಗಿ ಹೊತ್ತಿದರೆ ಪಕ್ಕದ ಮನೆಗೆ ಗೊತ್ತಾಗುತ್ತದೆಯೇ? ಇಲ್ಲ. ಈ ಕೊನೆಯ ಉತ್ತರವನ್ನು ಕೇಳಿ ನಾನು ಒಳಗೊಳಗೇ ತಮ್ಮ ದೇಶಕ್ಕೆ ಪೂರ್ಣ ಅಂಕ ಕೊಟ್ಟೆ, ಏಕೆಂದರೆ ಹೊಸದಾಗಿ ಮದುವೆಯಾದವರ ಒಲೆ ಎಷ್ಟು ಗಂಟೆಗೆ ಹೊತ್ತಿತು ಎಂಬುದು ಸಾಗವಾಡಿಯಲ್ಲಿ ಬೆಳಗಿನ ಎಂಟು ಗಂಟೆಯೊಳಗೆ ಮೂವತ್ತೆಂಟು ಮನೆಗಳಿಗೂ ತಲುಪಿ, ಗುರುಸಿದ್ದವ್ವ "ಏನ ಹೀನಾ, ಇವತ್ತ ಸೂರ್ಯಾ ನಿಮ್ಮ ಮನಿಗೆ ದಾರಿ ತಪ್ಪಿ ತಡಾ ಮಾಡಿ ಬಂದ್ನೇನ" ಎಂದು ಕೇಳುವುದನ್ನು ತಾವು ಅನುಭವಿಸಿಲ್ಲ. ಅತ್ತೆಯವರ ತೀರ್ಮಾನ ಮಾತ್ರ ಬೇರೆಯಾಗಿತ್ತು. "ಪಾಪ, ಈಗಿನ್ನೂ ಸುರು ಮಾಡ್ಯಾರ. ಬೈಬ್ಯಾಡ" ಎಂದರು.

ಇಷ್ಟರಲ್ಲಿ ತಾವು, ಕೌದಿ ಹೊಲಿಯುವವರು ಮನೆಯಲ್ಲೇ ಇರುವಾಗ ಇನ್ನೊಂದು ಹೊಲಿದುಕೊಳ್ಳಬಾರದೇ ಎಂದು ಯೋಚಿಸಿರಬಹುದು. ಹೊಲಿಯಬಹುದು. ಅತ್ತೆಯವರು ಶುರು ಮಾಡಿಯೂ ಇದ್ದಾರೆ. ಚಳಿಯ ವಿಷಯಕ್ಕೆ ಬಂದರೆ, ಎಂಬತ್ಮೂರು ದಿನದ ದಂಪತಿಗಳಿಗೆ ಚಳಿ ದೊಡ್ಡ ಸಮಸ್ಯೆಯೇ ಅಲ್ಲ, ಇದಕ್ಕಿಂತ ಹೆಚ್ಚು ಪತ್ರಿಕೆಯಲ್ಲಿ ಬರೆಯಲಾಗದು. ಆದರೆ ತಾವು ಕಳಿಸಿದ ಫೋಟೋವನ್ನು ದಯವಿಟ್ಟು ಇನ್ನೊಮ್ಮೆ ನೋಡಬೇಕು. ಕೌದಿಯ ಎಡಬದಿಯಲ್ಲಿ, ಹಸಿರು ದುಪಟ್ಟಾದ ಕೆಳಗೆ, ಒಂದು ಖಾಕಿ ತುಂಡು ಇದೆ. ಅದರ ಮೇಲೊಂದು ಕಿಸೆ ಇದೆ. ಅದು ನನ್ನ ಮಾವ ಸರ್ದಾರ ಅವರ ಅಂಗಿಯ ಕಿಸೆ.

ಮಾವ ದಾಂಡೇಲಿಯ ಮರದ ಡಿಪೋದಲ್ಲಿ ದಿಮ್ಮಿ ಏರಿಸುತ್ತಿದ್ದರು. ನಾನು ಅವರನ್ನು ನೋಡಿಲ್ಲ. ನಾನು ಈ ಮನೆಗೆ ಬರುವ ಮೂರು ವರ್ಷ ಮೊದಲೇ ಹೋದರು. ಶನಿವಾರ ಮನೆಗೆ ಬರುವಾಗ ಆ ಕಿಸೆಯಲ್ಲಿ ಪೆಪ್ಪರ್‌ಮಿಂಟು ಇರುತ್ತಿತ್ತಂತೆ, ಆಸಿಫ ಬಾಗಿಲಲ್ಲೇ ನೆಗೆದು ಕೈ ಹಾಕುತ್ತಿದ್ದನಂತೆ. ಅತ್ತೆಯವರು ಅವರ ಬಟ್ಟೆಗಳನ್ನೆಲ್ಲ ಕೊಟ್ಟುಬಿಟ್ಟು ಆ ಒಂದು ಅಂಗಿಯನ್ನು ಮಾತ್ರ ಇಟ್ಟುಕೊಂಡಿದ್ದರು. ಕೌದಿಗೆ ಬಟ್ಟೆ ಕತ್ತರಿಸುವಾಗ ಕಿಸೆಗಳನ್ನು ಬಿಚ್ಚಿ ಚಪ್ಪಟೆ ಮಾಡುವುದು ರೂಢಿ. ಇದನ್ನು ಅವರು ಬಿಚ್ಚಲಿಲ್ಲ. ಬಾಯಿ ತೆರೆದೇ ಇರುವಂತೆ ಸುತ್ತಲೂ ಹೊಲಿದರು. ಯಾಕೆಂದು ಕೇಳಿದಾಗ, "ಮುಂದ ಹುಟ್ಟೋರು ಅಜ್ಜನ ಕಿಸೆದಾಗ ಕೈ ಹಾಕಬೇಕಲ್ಲವಾ. ಅವರಿಗೆ ಅಜ್ಜ ಅಂದ್ರ ಇಷ್ಟ ಉಳದೈತಿ" ಎಂದರು. ಮಾನ್ಯರೇ, ಫೋಟೋದಲ್ಲಿ ಆ ಕಿಸೆಯೊಳಗೆ ಯಾರೋ ಒಂದು ಬಿಳಿ ಚೀಟಿ ಸಿಕ್ಕಿಸಿದ್ದಾರೆ. ಅದರ ಮೇಲೆ "ಜಿಗಿತಪೂರ್ವ ಹಂತದ ಜವಳಿ, ದಕ್ಷಿಣ ಏಷ್ಯಾ" ಎಂದಿದೆ. ಅತ್ತೆಯವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಏನಂತ ಬರದಾರ ಎಂದು ಕೇಳಿದರು. ಕೌದಿ ಬಹಳ ಚೆಂದವಿದೆ ಎಂದು ಬರೆದಿದ್ದಾರೆ ಎಂದೆ. ಅತ್ತೆಮನೆಗೆ ಬಂದ ಮೇಲೆ ನಾನು ಅವರಿಗೆ ಹೇಳಿದ ಮೊದಲ ಸುಳ್ಳು ಅದು. ಈ ಪತ್ರಿಕೆಯನ್ನು ಯಾರಾದರೂ ಅವರಿಗೆ ಓದಿ ಹೇಳಿಯೇ ಹೇಳುತ್ತಾರೆ, ಆದ್ದರಿಂದ ಇಲ್ಲೇ ಅವರ ಕ್ಷಮೆ ಕೇಳಿಬಿಡುತ್ತೇನೆ.

ಆದಕಾರಣ ಮೇಲಿನ ಫಲಕ, ಹುಂಜ, ದಾರ, ತಜ್ಞರು ಇವೆಲ್ಲವನ್ನೂ ತಾವು ಮನ್ನಾ ಮಾಡಿಸಿಕೊಳ್ಳಬಹುದು. ನಮ್ಮ ನಿಜವಾದ ಕೋರಿಕೆ ಬಹಳ ಚಿಕ್ಕದು, ಅದಕ್ಕೆ ಜವಳಿ ನೆರವಿನ ನಿಯಮ ಬೇಕಿಲ್ಲ, ಯಾವ ಹಂತಕ್ಕೂ ಯಾರೂ ಇಳಿಯಬೇಕಿಲ್ಲ. ನಮ್ಮ ಪದ್ಧತಿಯಲ್ಲಿ ತಿರುಗಿ ಕೊಡುವುದಕ್ಕೆ ಗಡುವಿಲ್ಲ. ಹೊಸ್ತಿಲಲ್ಲೇ ಕೊಡುವುದು ರೂಢಿ, ಆದರೆ ಹೊಸ್ತಿಲಿನಿಂದ ಸಮುದ್ರ ದಾಟಿ ಹೋದದ್ದನ್ನು ಎಂಬತ್ಮೂರನೇ ದಿನ ಕೊಡಬಾರದು ಎಂದು ಎಲ್ಲೂ ಇಲ್ಲ ಎಂದು ಅತ್ತೆಯವರು ಗುರುಸಿದ್ದವ್ವನೊಡನೆ ಚರ್ಚಿಸಿ ಖಚಿತಪಡಿಸಿದ್ದಾರೆ. ತಾವು ಕಿಸೆಯಿಂದ ಚೀಟಿ ತೆಗೆಯಬೇಕು, ಕೌದಿಯನ್ನು ಎದೆಗೊತ್ತಿಕೊಳ್ಳಬೇಕು, "ಮುಟ್ಟಿತ್ರೀ, ಇಲ್ಲೇ ಇರ್ಲಿ" ಎನ್ನಬೇಕು, ಕಿರಣಕುಮಾರರ ವಿಳಾಸಕ್ಕೆ ಕಳಿಸಬೇಕು. ಇಲ್ಲೇ ಎಂದರೆ ಸಾಗವಾಡಿ. ಉಚ್ಚಾರಣೆಗೆ ಬೇಕಾದ ತಾಂತ್ರಿಕ ನೆರವನ್ನು ಕರಿಬಂಡೆಯ ಮೇಲಿನಿಂದ ಫೋನಿನಲ್ಲಿ ಒದಗಿಸುತ್ತೇನೆ. ಅಲ್ಲಿಗೆ ತಮಗೆ ಪಡೆದ ತೃಪ್ತಿ, ಅತ್ತೆಯವರಿಗೆ ಕೊಟ್ಟ ತೃಪ್ತಿ, ನನಗೆ ನನ್ನ ಕೌದಿ. ಇದಕ್ಕಿಂತ ಪರಿಪೂರ್ಣವಾದ ನೆರವು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ತಮ್ಮ ತಜ್ಞೆಯವರಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸಬೇಕು, ಅವರ ಮೇಲೆ ನಮಗೆ ಸಿಟ್ಟಿಲ್ಲ, ಮತ್ತೆ ಬಂದರೆ ಬೆಲ್ಲದ ಚಹಾ ಇದೆ. ಹೊಗಳುವುದನ್ನು ಮಾತ್ರ ಎರಡಕ್ಕೆ ನಿಲ್ಲಿಸಬೇಕು.

ಕೌದಿ ಬರುವ ತನಕವೂ, ಬಂದ ಮೇಲೂ,
ತಮ್ಮ ವಿಶ್ವಾಸಿ,
ಹೀನಾ ಆಸಿಫ ಸಿದ್ದಿ
ಸಾಗವಾಡಿ, ಹಳಿಯಾಳ ತಾಲೂಕು

ಮರೆತ ಮಾತು: ತಮಗೆ ಕಳಿಸುತ್ತಿರುವ ಪ್ರತಿಯ ಲಕೋಟೆಯಲ್ಲಿ ಹನ್ನೊಂದು ಅಕ್ಕಿಕಾಳುಗಳಿವೆ. ಇದು ತುರ್ತು ಆಹಾರ ನೆರವು. ಹೊಟ್ಟೆ ಖಾಲಿ ಇರುವ ಕೌದಿಯ ಹತ್ತಿರ ಯಾರೂ ಇರಬಾರದು, ಅದನ್ನು ಒಯ್ದವರೂ ಇರಬಾರದು ಎಂದು ಅತ್ತೆಯವರು ತಮ್ಮ ಕಚೇರಿಯವರ ಬಗ್ಗೆಯೇ ಚಿಂತೆ ಮಾಡುತ್ತ ಒಂದೊಂದಾಗಿ ಆರಿಸಿ ಕೊಟ್ಟದ್ದು. ತಮ್ಮ ಗಡಿಯ ಅಧಿಕಾರಿಗಳು ಇವನ್ನೂ ಸುಟ್ಟರೆ, ಹಸಿದವರ ಪಟ್ಟಿಯಲ್ಲಿ ತಮ್ಮ ಕಚೇರಿಯ ಹೆಸರನ್ನು ಬರೆದುಕೊಳ್ಳುತ್ತೇವೆ. ಕಿಸೆಗೆ ಪೆಪ್ಪರ್‌ಮಿಂಟು ಮಾತ್ರ ಕಳಿಸುತ್ತಿಲ್ಲ, ಅದನ್ನು ಇಲ್ಲಿಯೇ ಡಬ್ಬಿಯಲ್ಲಿ ತಂದಿಟ್ಟಿದ್ದೇನೆ. ಅತ್ತೆಯವರು ಹೋದ ವಾರದಿಂದ ನನ್ನ ಕೈಯಿಂದ ನೀರಿನ ಕೊಡ ಕಸಿದುಕೊಳ್ಳುತ್ತಿದ್ದಾರೆ, ಕಾರಣ ಹೇಳುತ್ತಿಲ್ಲ, ಆಸಿಫನಿಗಿನ್ನೂ ಏನೂ ಹೊಳೆದಿಲ್ಲ. ಆ ಕಿಸೆಗೆ ಕೈ ಹಾಕಬೇಕಾದವರು ಸದ್ಯಕ್ಕೆ ಜಿಗಿತಪೂರ್ವ ಹಂತದಲ್ಲಿದ್ದಾರೆ. ಅವರು ಬಾಗಿಲಲ್ಲಿ ನೆಗೆಯುವಷ್ಟು ದೊಡ್ಡವರಾಗುವ ಮೊದಲು ತಾವು ಆ ಚೀಟಿಯನ್ನು ತೆಗೆದಿರಬೇಕು.